ಶಾನುಭೋಗರ ನೀರಿನ ಲೆಕ್ಕ

ರಾತ್ರಿಯ ಹೊತ್ತು ಮನುಷ್ಯನ ನಿದ್ರೆಗೆ ಭಂಗ ತರತಕ್ಕ ಶಬ್ದಗಳಲ್ಲಿ ಹೆಚ್ಚಿನವು ನನಗೆ ಬಾಲ್ಯದಿಂದಲೇ ಪರಿಚಿತವಾದುವು. ನಂಜನಗೂಡಿನಲ್ಲಿ ಹುಟ್ಟಿ ಬೆಳೆದವನಿಗೆ ಜಾತ್ರೆಯ ಕಾಲದ ಧ್ವನಿವರ್ಧಕವಾಗಲಿ, ಮೈಸೂರಿನಿಂದ ಊಟಿಯ ಕಡೆಗೆ ಓಡುವ ಲಾರಿಗಳ ಮೊರೆತವಾಗಲಿ, ಬೀದಿನಾಯಿಗಳ ಸಂಗೀತಸಭೆಯಾಗಲಿ ಹೊಸತಲ್ಲ; ಇವುಗಳ ನಡುವೆಯೇ ನಾನು ಓದಿ, ಪರೀಕ್ಷೆ ಬರೆದು, ಉದ್ಯೋಗ ಮಾಡಿ, ನಿವೃತ್ತನಾಗಿ, ನನ್ನಾಕೆಯ ಅಭಿಪ್ರಾಯದಂತೆ ಈ ಎಲ್ಲ ಕಾರ್ಯಗಳ ಮಧ್ಯದಲ್ಲಿಯೂ ಸುಖವಾಗಿ ನಿದ್ರಿಸಿದ್ದೇನೆ. ಆದರೆ ಗೂಡಿನ ಜಾಲರಿಗೆ ತಲೆಕೆಳಗಾಗಿ ತೂಗುಹಾಕಿದ ಪ್ಲಾಸ್ಟಿಕ್ ಸೀಸೆಯೊಂದರ ಮೂತಿಯಲ್ಲಿ ಕಡಲೆಗಿಂತ ಚಿಕ್ಕದಾದ ಉಕ್ಕಿನ ಗುಂಡೊಂದಿದ್ದು, ಅದನ್ನು ಮೊಲವೊಂದು ನಾಲಗೆಯ ತುದಿಯಿಂದ ಒಳಕ್ಕೆ ನೂಕಿ ನೂಕಿ ಒಂದೊಂದೇ ಹನಿಯನ್ನು ಹೀರುವಾಗ ಹೊರಡುವ ಟಿಕ್, ಟಿಕ್, ಟಿಕ್ ಎಂಬ ಶಬ್ದವಿದೆಯಷ್ಟೆ, ಅದರ ಮುಂದೆ ನನ್ನ ಅರ್ಧ ಶತಮಾನದ ಈ ಸಾಧನೆ ನಿಲ್ಲಲಿಲ್ಲ. ಆ ಸದ್ದು ಕೇಳಿದರೆ ನಿದ್ರೆ ಬಾರದು. ಕೇಳದಿದ್ದರೆ, ಇದೇಕೆ ಇಂದು ನೀರು ಕುಡಿಯಲಿಲ್ಲವೆಂಬ ಚಿಂತೆಯಿಂದ ಇನ್ನೂ ಬಾರದು.

ಮೊಲ ನನ್ನದಲ್ಲ. ತಿರುಮಕೂಡಲು ನರಸೀಪುರದಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳು ಹಟಮಾಡಿ ತರಿಸಿಕೊಂಡದ್ದು; ಎದುರುಮನೆಯ ಗಂಡುಬೆಕ್ಕು ಅದರ ವಿಷಯದಲ್ಲಿ ಅತ್ಯಾಸಕ್ತಿಯನ್ನು ತೋರಲಾರಂಭಿಸಿದುದರಿಂದ ‘ಸ್ವಲ್ಪ ದಿನದ ಮಟ್ಟಿಗೆ’ ನಮ್ಮ ಮನೆಗೆ ಬಂದದ್ದು. ಸ್ವಲ್ಪ ದಿನವೆಂಬುದು ಎಷ್ಟು ದೀರ್ಘವಾದ ಕಾಲಮಾನವೆಂಬುದನ್ನು, ಮಕ್ಕಳ ಸಾಮಾನನ್ನು ಅಟ್ಟದ ಮೇಲಿಟ್ಟುಕೊಂಡಿರುವ ತಂದೆತಾಯಿಗಳೆಲ್ಲರೂ ಬಲ್ಲರು. ಬೇಸಗೆ ಮತ್ತು ದಸರೆಯ ರಜಗಳಲ್ಲಿ ಮಾತ್ರ ಅದು ತವರಿಗೆ ಹೋಗಿಬರುವುದು ಪದ್ಧತಿಯಾಯಿತು. ಬೂದುಬಣ್ಣದ ಮೈ, ಸುಮಾರು ಎರಡು ಕಿಲೋ ತೂಕ. ಮುಂಗಾಲುಗಳೆರಡನ್ನೂ ಎದೆಯ ಬಳಿ ಜೋಡಿಸಿಕೊಂಡು, ಕಿವಿಗಳನ್ನು ಹಿಂದಕ್ಕೆ ಚಾಚಿ, ಗ್ರಾಮದ ಸಮಸ್ತ ವ್ಯವಹಾರವನ್ನೂ ಬಲ್ಲೆನಾದರೂ ಬಾಯಿಬಿಡಲೊಲ್ಲೆನೆಂಬ ಗಾಂಭೀರ್ಯದಿಂದ ಕುಳಿತಿರುವ ಅದರ ಭಂಗಿಯನ್ನು ನೋಡಿ ನನ್ನಾಕೆ ಅದಕ್ಕೆ ಶಾನುಭೋಗರೆಂದು ನಾಮಕರಣ ಮಾಡಿದಳು. ಬಹುವಚನವೂ ಅವಳದೇ. ಹೆಸರು ಅವರದಾದರೂ ಲೆಕ್ಕ ಬರೆಯುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿತು.

ನೀರನ್ನು ಅಳೆಯುವುದು ನಮ್ಮ ಊರಿನ ಸಂಪ್ರದಾಯವಲ್ಲ. ಕಪಿಲೆ ಮೈದುಂಬಿ ಬಂದ ವರ್ಷ, ಹದಿನಾರು ಕಾಲು ಮಂಟಪದ ಎಷ್ಟು ಭಾಗ ಮುಳುಗಿತೆಂಬುದೇ ನಮಗಿದ್ದ ಒಂದು ಮಾಪನ. ದಳವಾಯಿ ದೇವರಾಜಯ್ಯನವರು 1735ರಲ್ಲಿ ಕಟ್ಟಿಸಿದರೆಂದು ಹೇಳುವ ಹಳೆಯ ಸೇತುವೆಯ ಮೇಲೆ ನಿಂತು, ಕಮಾನುಗಳಲ್ಲಿ ಕೆಂಪುನೀರು ಎಲ್ಲಿಯವರೆಗೆ ಏರಿದೆಯೆಂದು ಬೆರಳು ತೋರಿಸಿ ಮಾತನಾಡುತ್ತಿದ್ದ ಹಿರಿಯರಿಗೆ ಅಡಿ ಅಂಗುಲಗಳ ಗೊಡವೆಯಿರಲಿಲ್ಲ. ದೊಡ್ಡ ಜಾತ್ರೆಯಲ್ಲಂತೂ ಕೇಳುವುದೇ ಬೇಡ. ಫಾಲ್ಗುಣದ ಬಿಸಿಲಿನಲ್ಲಿ ಪಂಚರಥಗಳು ಹೊರಟು, ಶ್ರೀಕಂಠೇಶ್ವರನ ರಥದ ಹಗ್ಗಕ್ಕೆ ಕೈಹಾಕಿದವರೂ ಹಾಕದೆ ನೂಕಿಸಿಕೊಂಡವರೂ ಒಂದೇ ಸಮನೆ ಬಾಯಾರಿ ಅರವಟ್ಟಿಗೆಯ ಕಡೆಗೆ ಬರುವರು. ನಮ್ಮ ಬೀದಿಯ ಅರವಟ್ಟಿಗೆಯಲ್ಲಿ ವೃದ್ಧರೊಬ್ಬರು ಮೂತಿಯುಳ್ಳ ತಾಮ್ರದ ಗಿಂಡಿಯಿಂದ ಮಜ್ಜಿಗೆ ನೀರು ಹೊಯ್ಯುತ್ತಿದ್ದರು. ಹುಡುಗರಾದ ನಾವು ಬೊಗಸೆಯನ್ನು ಬಾಯಿಗೆ ಹಚ್ಚಿ ನಿಲ್ಲುವುದು, ಧಾರೆ ಬೀಳುವುದು, ಅರ್ಧ ಗಂಟಲಿಗೂ ಅರ್ಧ ಮೊಳಕೈಯಿಂದ ಇಳಿದು ಚಡ್ಡಿಯ ಕಿಸೆಗೂ ಹೋಗುವುದು, ಸಾಕೆಂದು ತಲೆಯಲ್ಲಾಡಿಸುವವರೆಗೂ ಅವರು ಗಿಂಡಿಯನ್ನು ನೆಟ್ಟಗೆ ಮಾಡುತ್ತಿರಲಿಲ್ಲ. ಎಷ್ಟು ಕುಡಿದೆಯೆಂದು ಯಾರೂ ಕೇಳಿದ್ದಿಲ್ಲ. ಸಾಕೆಂಬ ಸನ್ನೆಯೇ ಲೆಕ್ಕ.

ಶಾನುಭೋಗರಿಗೆ ತಲೆಯಲ್ಲಾಡಿಸಲು ಬಾರದು. ಸಾಕು ಬೇಕು ನೋವು ನಲಿವು ಯಾವುದನ್ನೂ ಮುಖದಲ್ಲಿ ತೋರಿಸುವ ಜಾತಿ ಅದಲ್ಲ. ನರಿ, ಹದ್ದು, ಕಾಡುಬೆಕ್ಕುಗಳ ನಡುವೆ ಬಾಳಿದ ಪ್ರಾಣಿಯು ತಾನು ನಿತ್ರಾಣವಾಗಿರುವುದನ್ನು ಲೋಕಕ್ಕೆ ಸಾರಿದರೆ ಆ ದಿನವೇ ಅದರ ಕೊನೆಯ ದಿನವಾಗುವುದಷ್ಟೆ. ಇದು ನನಗೆ ಮೊದಲು ತಿಳಿದಿರಲಿಲ್ಲ. ಮೊಲಕ್ಕೆ ನೀರೇ ಬೇಡವೆಂದು ನಂಬಿರುವವರು ನಮ್ಮ ಸೀಮೆಯಲ್ಲಿ ಅನೇಕರು. ನರಸೀಪುರದ ಹತ್ತಿರ ಗದ್ದೆಯುಳ್ಳ, ಮಗಳ ಮನೆಗೆ ಸೊಪ್ಪು ತಂದುಕೊಡುವ ರೈತನೊಬ್ಬನು ಗೂಡಿನ ಮುಂದೆ ನಿಂತು ಸೀಸೆಯನ್ನು ನೋಡಿ, “ಮೊಲುಕ್ಯಾಕ್ ಸಾಮಿ ನೀರು? ಇಬ್ನಿ ಸಾಲ್ದಾ?” ಎಂದು ನಕ್ಕನು. ಅವನು ಕಂಡ ಮೊಲದ ಮಟ್ಟಿಗೆ ಅವನ ಮಾತು ಬಹುಪಾಲು ನಿಜವೇ. ರಾಗಿಹೊಲದ ಬದುಗಳಲ್ಲಿ ಮುಸ್ಸಂಜೆಯ ಹೊತ್ತು ಮಿಂಚಿ ಮರೆಯಾಗುವ ನಮ್ಮ ಕಾಡುಮೊಲವು, ಕತ್ತಿನ ಹಿಂದೆ ಕಪ್ಪು ಮಚ್ಚೆಯುಳ್ಳದ್ದು, ಹಸುರೆಲೆಯ ರಸದಿಂದಲೂ ಮಂಜಿನಿಂದಲೂ ತನ್ನ ದಾಹವನ್ನು ಬಹುಮಟ್ಟಿಗೆ ತೀರಿಸಿಕೊಳ್ಳುವುದು. ಸಾಕುಮೊಲವಾದರೋ ಸ್ಪೇನ್ ದೇಶದ ಕಡೆಯ ಬಿಲವಾಸಿಗಳ ಸಂತಾನ. ಒಣಹುಲ್ಲನ್ನೂ ಅಂಗಡಿಯ ಗುಳಿಗೆಯನ್ನೂ ತಿಂದು ಜಾಲರಿಯೊಳಗೆ ಕುಳಿತ ಅದಕ್ಕೆ ಇಬ್ಬನಿಯನ್ನು ತಂದುಕೊಡುವವರಾರು?

ಪಾಪ, ಆ ರೈತನೊಬ್ಬನನ್ನೇ ಏತಕ್ಕೆ ದೂರಬೇಕು? ಪಂಚತಂತ್ರದ ವಿಷ್ಣುಶರ್ಮನೇ ಮೊಲವನ್ನು ಎರಡು ಸಲ ನೀರಿನ ಬಳಿಗೆ ಕರೆತಂದು ಎರಡು ಸಲವೂ ಒಂದು ಗುಟುಕನ್ನೂ ಕುಡಿಸದೆ ಕಳುಹಿಸಿದ್ದಾನೆ. ಸಿಂಹವನ್ನು ಬಾವಿಯ ಕಟ್ಟೆಗೆ ಕರೆದೊಯ್ದು ಅದರ ಬಿಂಬವನ್ನೇ ಅದಕ್ಕೆ ತೋರಿಸಿ ಕೆಡವಿದ ಮೊಲ, ಅಷ್ಟು ದೂರ ಬಿಸಿಲಿನಲ್ಲಿ ನಡೆದು ಬಂದದ್ದು, ಬಾಯಾರಿಕೆಯ ಸುದ್ದಿಯನ್ನೇ ಎತ್ತುವುದಿಲ್ಲ. ಚಂದ್ರಸರಸ್ಸಿನ ಕಥೆಯಲ್ಲಾದರೆ, ಬರಗಾಲದಿಂದ ಬೆಂದ ಆನೆಗಳು ನೀರಿಗೆಂದು ಬರುವುವು. ಮೊಲವು ಅಲ್ಲಿಯೇ ವಾಸವಾಗಿದ್ದೂ, ಆನೆಗಳ ದೊರೆಗೆ ನೀರಿನೊಳಗಿನ ಚಂದ್ರನನ್ನು ತೋರಿಸಿ ಹೆದರಿಸಿ, ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಿರುಗಿಸುವುದು. ನಮ್ಮ ಕವಿಗಳಿಗೆ ಮೊಲದ ಪಾಲಿಗೆ ನೀರು ಕನ್ನಡಿಯಾಗಿ ಕಂಡಿತೇ ಹೊರತು ಪಾನೀಯವಾಗಿ ಕಾಣಲಿಲ್ಲ.

ಒಂದು ಚೈತ್ರಮಾಸದಲ್ಲಿ ಶಾನುಭೋಗರು ಹುಲ್ಲಿನ ಮುಂದೆ ಕುಳಿತು ಹುಲ್ಲನ್ನು ಮೂಸಿ ಸುಮ್ಮನಾದರು. ಟಿಕ್ ಟಿಕ್ ನಿಂತಿತು. ಹಿಕ್ಕೆಗಳು ಮೆಣಸಿನ ಕಾಳಿನಷ್ಟು ಸಣ್ಣಗಾಗಿ ಒಣಗಿ ಉದುರಿದುವು. ಅಂದು ಏಕಾದಶಿಯಾಗಿದ್ದು ಮನೆಯೊಡತಿಯೂ ಉಪವಾಸವಿದ್ದುದರಿಂದ, ಸಹವಾಸದೋಷವಿರಬಹುದೆಂದು ನಾನು ವಿನೋದವಾಡಿದೆ. ಮೈಸೂರಿನ ಪಶುವೈದ್ಯೆ ದೂರವಾಣಿಯಲ್ಲಿ ಈ ವಿನೋದವನ್ನು ಸ್ವೀಕರಿಸಲಿಲ್ಲ. ಮೊಲವು ಅರ್ಧ ದಿನ ಏನನ್ನೂ ತಿನ್ನದಿದ್ದರೆ ಅದನ್ನು ತುರ್ತು ಸಂದರ್ಭವೆಂದೇ ಎಣಿಸಬೇಕು. ಅದಕ್ಕೆ ವಾಂತಿಮಾಡಲು ಬಾರದು. ಕರುಳಿನ ಚಲನೆ ನಿಂತು, ಒಳಗಿನ ಆಹಾರ ನೀರಾರಿ ಗಟ್ಟಿಯಾಗಿ, ವಾಯು ತುಂಬಿಕೊಂಡರೆ ಬಹು ಬೇಗ ಕೈಮೀರುವುದೆಂದು ಹೇಳಿ ಕೂಡಲೇ ಕರೆತರಲು ಆಜ್ಞಾಪಿಸಿದಳು. ಬುಟ್ಟಿಯಲ್ಲಿ ಕುಳ್ಳಿರಿಸಿಕೊಂಡು ಹೋದೆವು.

“ದಿನಕ್ಕೆ ಎಷ್ಟು ನೀರು ಕುಡಿಯುತ್ತೆ ಸಾರ್?” ಎಂಬುದೇ ಆಕೆಯ ಮೊದಲ ಪ್ರಶ್ನೆ.

“ಕುಡಿಯುತ್ತೆ ಅಮ್ಮ, ಚೆನ್ನಾಗಿ ಕುಡಿಯುತ್ತೆ,” ಎಂದಳು ನನ್ನಾಕೆ.

“ಚೆನ್ನಾಗಿ ಅಂದರೆ?”

ನಾವು ದಂಪತಿಗಳು ಮುಖ ಮುಖ ನೋಡಿಕೊಂಡೆವು. ಮದುವೆಯಾದಂದಿನಿಂದ ಜೊತೆಯಲ್ಲಿ ಕಾಫಿ ಕುಡಿಯುತ್ತ ಬಂದಿದ್ದೇವೆ; ಒಬ್ಬರದು ಎಷ್ಟೆಂದು ಮತ್ತೊಬ್ಬರಿಗೆ ಗೊತ್ತಿದ್ದಿತೇ ಎಂದು ನನಗೆ ಆ ಕ್ಷಣದಲ್ಲಿ ಸಂದೇಹವಾಯಿತು. ವೈದ್ಯೆ ಮೊಲದ ಕತ್ತಿನ ಹಿಂದಿನ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಬಿಟ್ಟಳು. ಅದು ತಟ್ಟನೆ ಕುಳಿತುಕೊಳ್ಳದೆ ಸಾವಕಾಶವಾಗಿ ಇಳಿಯಿತು. ಮೈಯಲ್ಲಿ ನೀರು ಕಡಮೆಯಾಗಿದೆಯೆಂದಳು. ಆಮೇಲೆ ಚಿಕ್ಕದೊಂದು ದೀಪದ ನಳಿಗೆಯಿಂದ ಬಾಯೊಳಗೆ ನೋಡಿದಳು. ಮೊಲದ ಹಲ್ಲುಗಳೆಲ್ಲವೂ ಆಮರಣಾಂತ ಬೆಳೆಯತಕ್ಕವು. ಹುಲ್ಲನ್ನು ಸದಾ ಅಗಿದು ಸವೆಸದಿದ್ದರೆ ದವಡೆಯ ಹಲ್ಲುಗಳ ಅಂಚು ಮುಳ್ಳಾಗಿ ನಾಲಗೆಗೆ ಚುಚ್ಚುವುದು. ಶಾನುಭೋಗರ ನಾಲಗೆಗೆ ಹಾಗೆಯೇ ಚುಚ್ಚಿದ್ದಿತು. ಉಕ್ಕಿನ ಗುಂಡನ್ನು ನೂಕಬೇಕಾದುದೂ ಆ ನಾಲಗೆಯಿಂದಲೇ ಆದುದರಿಂದ ನೀರೂ ನಿಂತುಹೋಗಿದ್ದಿತು. ಚರ್ಮದಡಿಗೆ ದ್ರವವನ್ನು ಕೊಟ್ಟು, ಪ್ರಜ್ಞೆ ತಪ್ಪಿಸಿ, ಆ ಮುಳ್ಳನ್ನು ಉಜ್ಜಿ ತೆಗೆದರು. ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯನ್ನು ತೆರೆದಂದಿನಿಂದ ಹಲ್ಲುಪುಡಿಯ ಮೂಲಕವೇ ನಾಡಿಗೆಲ್ಲ ಹೆಸರಾದ ಊರಿನ ಮೊಲಕ್ಕೆ ದಂತವ್ಯಾಧಿ ಬಂದಿತೆಂಬ ವಾರ್ತೆಯನ್ನು ನಾನು ನೆರೆಹೊರೆಯಲ್ಲಿ ಹರಡಲಿಲ್ಲ, ನನ್ನಾಕೆ ಹರಡಿದಳು.

ಹಿಂದಿರುಗುವಾಗ ನಮಗೆ ದೊರೆತ ಸೂತ್ರವಿಷ್ಟು: ಮೈತೂಕದ ಪ್ರತಿ ಕಿಲೋಗೆ ದಿನವೊಂದಕ್ಕೆ 50ರಿಂದ 150 ಮಿಲಿಲೀಟರ್ ನೀರು. ಎರಡು ಕಿಲೋ ತೂಕದವರಿಗೆ ಕಾಫಿಯ ಲೋಟದಲ್ಲಿ ಒಂದೂವರೆಯಾದರೂ ಆಯಿತು. ಅಷ್ಟು ಗಾತ್ರದ ಜೀವಕ್ಕೆ ಇದು ಕಡಮೆಯಲ್ಲ. ಹಸಿ ಗರಿಕೆ, ದಂಟು, ಕೊತ್ತಂಬರಿ ಸೊಪ್ಪು ಹೆಚ್ಚಾದ ದಿನ ಕುಡಿಯುವುದು ತಗ್ಗುವುದು, ಏಕೆಂದರೆ ಸೊಪ್ಪೇ ಮುಕ್ಕಾಲಿಗಿಂತ ಹೆಚ್ಚಾಗಿ ನೀರು. ಒಣಹುಲ್ಲಿನ ದಿನ ಏರುವುದು. ಸೆಕೆಯಲ್ಲಿ ಇನ್ನೂ ಏರುವುದು. ಇದರಲ್ಲಿ ಮುಖ್ಯವಾದುದು ಪುಸ್ತಕದ ಅಂಕಿಯಲ್ಲ, ಆ ಒಂದು ಪ್ರಾಣಿಯ ನಿತ್ಯದ ರೂಢಿ. ರೂಢಿ ತಪ್ಪಿತೆಂದರೆ, ಯಾವ ಕಡೆಗೆ ತಪ್ಪಿದರೂ, ವಿಚಾರಿಸಬೇಕು. ಕಡಮೆಯಾದರೆ ಹಲ್ಲು, ಹೊಟ್ಟೆ, ಇಲ್ಲವೇ ಸೀಸೆಯ ಮೂತಿಯಲ್ಲಿ ಸಿಕ್ಕಿಕೊಂಡ ಗುಂಡು. ಅತಿಯಾದರೆ ಬಿಸಿಲೋ, ಮೂತ್ರಪಿಂಡದ ದೌರ್ಬಲ್ಯವೋ, ಆ ಮೂತ್ರಪಿಂಡವನ್ನೂ ಮೆದುಳನ್ನೂ ಹಿಡಿಯುವ ಒಂದು ಸೂಕ್ಷ್ಮಜೀವಿಯೋ. ಕೆಲವು ವೇಳೆ ಊಟ ಬಿಟ್ಟ ಮೊಲವೂ ನೀರನ್ನೇ ಮಿತಿಮೀರಿ ಕುಡಿಯುವುದುಂಟಂತೆ. ಸೀಸೆಗಿಂತ ಬಟ್ಟಲಿನಲ್ಲಿ ಮೊಲಗಳು ಹೆಚ್ಚು ನೀರು ಕುಡಿಯುವುವೆಂದು ಆಕೆ ಹೇಳಿದುದರಿಂದ ಉಕ್ಕಿನ ಗುಂಡಿಗೆ ಅಂದೇ ವಿದಾಯ ಹೇಳಿದೆನು. ಭಾರವಾದ ಕಲ್ಲಿನ ಮರಿಗೆಯೊಂದು, ಹಿಂದೆ ಉಪ್ಪಿನಕಾಯಿಗೆ ಉಪಯೋಗವಾಗುತ್ತಿದ್ದದ್ದು, ಅಡುಗೆಮನೆಯಿಂದ ಗೂಡಿಗೆ ವರ್ಗವಾಯಿತು.

ಮೊಲವು ಬಟ್ಟಲಿನಿಂದ ನೀರು ಕುಡಿಯುವುದನ್ನು ಹತ್ತಿರದಿಂದ ನೋಡತಕ್ಕದ್ದು. ಅದರ ಕಣ್ಣುಗಳು ಪಕ್ಕಗಳಲ್ಲಿರುವುದರಿಂದ ಮೂಗಿನ ನೇರ ಮುಂದಿರುವುದು ಅದಕ್ಕೆ ಕಾಣದು; ಆದುದರಿಂದ ಮೊದಲು ಮೀಸೆಯನ್ನು ಚಾಚಿ ಮರಿಗೆಯ ಅಂಚನ್ನು ವಿಚಾರಿಸುವುದು, ಆ ಬಳಿಕ ತುಟಿಯನ್ನು ತಗ್ಗಿಸುವುದು, ನೀರು ತಾಗಿದೊಡನೆ ಒಮ್ಮೆ ಹಿಂದೆಗೆಯುವುದು. ಅನಂತರ ಗಲ್ಲದ ಕೆಳಗಿನ ರೋಮವೊಂದು ಎಡೆಬಿಡದೆ ಅದುರುವುದಷ್ಟೇ ಕಾಣುವುದು. ನೀರಿನ ಮೇಲೆ ಅತಿ ಸಣ್ಣ ಬಳೆಗಳು ಒಂದರ ಹಿಂದೊಂದು ಹುಟ್ಟಿ ಅಂಚಿಗೆ ಬಂದು ಅಳಿಯುವುವು. ಶಬ್ದವಿಲ್ಲ. ನನಗೆ ನಿದ್ರೆಯ ತೊಂದರೆ ತಪ್ಪಿತು. ಆದರೆ ಕಿವಿಯ ಕೆಲಸವು ಕಣ್ಣಿಗೆ ಬಂದಿತು.

ನಮ್ಮ ಅಳಿಯಂದಿರು ನರಸೀಪುರದವರು. ಅಲ್ಲಿಯ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿಯನ್ನು ಹಿಡಿದ ಗುಂಜಾನರಸಿಂಹ. ಕಾಶಿಗಿಂತ ತಮ್ಮ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆಂದು ಆ ಊರಿನವರ ಹೆಮ್ಮೆ. ಇಷ್ಟು ಸೂಕ್ಷ್ಮವಾದ ತಕ್ಕಡಿಯ ಊರಿನವರಾದ ಅವರಿಗೆ ನನ್ನ ಲೋಟದ ಲೆಕ್ಕ ಒಪ್ಪಿಗೆಯಾಗಲಿಲ್ಲ. ಅಡುಗೆಯ ತಕ್ಕಡಿಯ ಮೇಲೆ ಮರಿಗೆಯನ್ನು ಬೆಳಿಗ್ಗೆ ಸಂಜೆ ತೂಗಬೇಕು, ಒಂದು ಗ್ರಾಮು ಒಂದು ಮಿಲಿಲೀಟರೆಂದು ಬರೆಯಬೇಕು, ಬಿಸಿಲಿಗೆ ಆರಿಹೋಗುವ ನೀರನ್ನು ಕಳೆಯುವುದಕ್ಕಾಗಿ ಅಂಥದೇ ಎರಡನೆಯ ಮರಿಗೆಯನ್ನು ಮೊಲಕ್ಕೆ ಎಟುಕದಲ್ಲಿ ಇಡಬೇಕೆಂದು ವಿಧಿಸಿದರು. ಇಟ್ಟೆನು. ಮೊದಲ ದಿನವೇ ಎರಡನೆಯ ಮರಿಗೆಯಲ್ಲಿ ಮೊದಲನೆಯದಕ್ಕಿಂತ ಹೆಚ್ಚು ನೀರು ಆರಿಹೋಗಿ, ಶಾನುಭೋಗರು ನೀರನ್ನು ಕುಡಿಯುವ ಬದಲು ಸೃಷ್ಟಿಸಿದರೆಂದು ಲೆಕ್ಕ ಹೊರಟಿತು. ಕಾಗೆಯೊಂದು ಕಾಂಪೌಂಡಿನ ಮೇಲೆ ಕೊಕ್ಕು ಒರೆಸಿಕೊಳ್ಳುತ್ತ ಕುಳಿತಿದ್ದಿತು. ಇಷ್ಟಾದರೂ ಪದ್ಧತಿ ಸರಿಯೆಂದೇ ಅಳಿಯಂದಿರ ವಾದ. ತಾವು ಹಿಡಿದ ಮೊಲಕ್ಕೆ ಅವರು ಮೂರೇ ಕಾಲು ಎನ್ನುವವರು.

ಕುಡಿದ ನೀರು ಒಳಗೆ ಏನು ಮಾಡುವುದೆಂಬ ವಿಷಯ ಮಡಿವಂತರ ಮನೆಯಲ್ಲಿ ಚರ್ಚಿಸತಕ್ಕದ್ದಲ್ಲ. ಮೊಲದ ಕರುಳಿನ ಕೊನೆಯ ಕಡೆ ದೊಡ್ಡದೊಂದು ಚೀಲವಿದ್ದು, ಹುಲ್ಲು ಅಲ್ಲಿ ನೀರಿನಲ್ಲಿ ನೆನೆದು ಹುಳಿತು, ಮೃದುವಾದ ಗೊಂಚಲಾಗಿ ಹೊರಬರುವುದು. ಅದನ್ನು ಆ ಪ್ರಾಣಿ ನೆಲಕ್ಕೆ ಬೀಳಗೊಡದೆ ಬಾಯಿಟ್ಟು ಪುನಃ ತಿನ್ನುವುದು. ಅದೇ ಅದರ ಪುಷ್ಟಿ, ತಿನ್ನದಿದ್ದರೆ ರೋಗ. ಇದನ್ನು ಕೇಳಿದ ನನ್ನಾಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಏನೂಂದ್ರೆ, ಇನ್ನು ಮೇಲೆ ಗೂಡನ್ನ ದೇವರ ಮನೆ ಗೋಡೆಯಿಂದ ಈಚೆಗೆ ಸರಿಸಿ,” ಎಂದಳು. ಬಾಳೆಹಣ್ಣಿನ ವಿಷಯವೂ ಅಷ್ಟೇ ದುಃಖಕರ. ಸಿಹಿ ಅತಿಯಾದರೆ ಆ ಚೀಲದೊಳಗಿನ ವ್ಯವಸ್ಥೆ ಕೆಡುವುದಾದುದರಿಂದ, ರಸಬಾಳೆಯ ಊರಿನಲ್ಲಿ ವಾಸಿಸಿಯೂ ಶಾನುಭೋಗರಿಗೆ ರಸಬಾಳೆ ನಿಷಿದ್ಧ. ಆ ಬಾಳೆಯೇ ಸೊರಗುರೋಗಕ್ಕೆ ಸಿಕ್ಕಿ ಅಪೂರ್ವವಾಗಿರುವಾಗ ನಿಷೇಧದಿಂದ ಹೆಚ್ಚು ನಷ್ಟವಾಗಲಿಲ್ಲವೆನ್ನಬಹುದು.

ಮೂತ್ರದ ಪ್ರಕರಣ ಬೇರೆ. ಮೊಲದ ಕರುಳು ಆಹಾರದ ಸುಣ್ಣದಂಶವನ್ನು ಬೇಕಾದಷ್ಟು ಬೇಡವಾದಷ್ಟು ಎನ್ನದೆ ಹೀರಿ, ಹೆಚ್ಚಿನದನ್ನು ಮೂತ್ರದಲ್ಲಿ ಕಳುಹಿಸುವುದಾದುದರಿಂದ ಅದು ಆರೋಗ್ಯವಾಗಿರುವಾಗಲೂ ಸುಣ್ಣದ ನೀರಿನಂತೆ ಮಬ್ಬಾಗಿರುವುದು. ನೀರು ಸಾಲದೆ ಹೋದರೆ, ಅದರಲ್ಲಿಯೂ ಕುದುರೆ ಮೆಂತೆಯಂಥ ಸುಣ್ಣ ಹೆಚ್ಚಿನ ಮೇವನ್ನೇ ಹಾಕುತ್ತಿದ್ದರೆ, ಮೂತ್ರಕೋಶದಲ್ಲಿ ಗಸಿ ನಿಲ್ಲುವುದು, ಕಲ್ಲಾಗುವುದು. ಇಷ್ಟನ್ನು ನಾವು ಕಲಿತು ಧೈರ್ಯವಾಗಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಗೂಡಿನ ಕೆಳಗಿನ ಕಾಗದ ಕೆಂಪಾಗಿದ್ದಿತು. ರಕ್ತವೆಂದು ನಿಶ್ಚಯಿಸಿ ನನ್ನಾಕೆ ಕಣ್ಣೊರೆಸಿಕೊಂಡು ಶ್ರೀಕಂಠೇಶ್ವರನಿಗೆ ಹರಕೆ ಹೊತ್ತಳು. ಇದರಲ್ಲಿ ಯುಕ್ತಿಯಿಲ್ಲದಿಲ್ಲ. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣು ಈ ಸನ್ನಿಧಿಯಲ್ಲಿ ವಾಸಿಯಾಯಿತೆಂದೂ, ಅವನು ಮರಕತದ ಲಿಂಗವನ್ನು ಅರ್ಪಿಸಿ ದೇವರನ್ನು ಹಕೀಮ್ ನಂಜುಂಡನೆಂದು ಕರೆದನೆಂದೂ ನಮ್ಮೂರಿನ ಮಕ್ಕಳಿಗೆಲ್ಲ ಗೊತ್ತು. ಆನೆಗೆ ವೈದ್ಯನಾದವನು ಮೊಲವನ್ನು ಕೈಬಿಡುವನೇ? ಹರಕೆ ಉರುಳುಸೇವೆಯೆಂಬುದೂ, ಉರುಳಬೇಕಾದವನು ನಾನೆಂಬುದೂ ನನಗೆ ತಡವಾಗಿ ತಿಳಿಯಿತು. ವೈದ್ಯೆಯು ಪರೀಕ್ಷೆಯ ಪಟ್ಟಿಯನ್ನು ಅದ್ದಿ ನೋಡಿ ರಕ್ತವಿಲ್ಲ, ತಿಂದ ಸೊಪ್ಪಿನ ಬಣ್ಣ ಎಂದಳು. ರಕ್ತವೇ ಆಗಿರುವುದೂ ಉಂಟಾದುದರಿಂದ ಪರೀಕ್ಷಿಸಿದ್ದು ಒಳ್ಳೆಯದೇ ಆಯಿತೆಂದೂ ಹೇಳಿದಳು. ರೋಗವೇ ಇರಲಿಲ್ಲವಾದುದರಿಂದ ಹರಕೆ ಸಲ್ಲುವುದೇ ಎಂದು ನಾನು ಎತ್ತಿದ ಪ್ರಶ್ನೆಗೆ ಮನೆಯಲ್ಲಿ ಪುರಸ್ಕಾರ ದೊರೆಯಲಿಲ್ಲ. ಅಂಗಪ್ರದಕ್ಷಿಣೆಯ ಹಾದಿಯ ಕಲ್ಲುಚಪ್ಪಡಿಗಳು ಪ್ರಾತಃಕಾಲದಲ್ಲಿ ಎಷ್ಟು ತಣ್ಣಗಿರುವುವೆಂಬುದನ್ನು ಬೆನ್ನಿನ ಸಾಕ್ಷ್ಯದಿಂದ ಹೇಳಬಲ್ಲೆ.

ಹೀಗಿರಲಾಗಿ ಬೇಸಗೆಯ ರಜದಲ್ಲಿ ಶಾನುಭೋಗರು ನರಸೀಪುರಕ್ಕೆ ಹೋದರು. ಎರಡನೆಯ ಬೆಳಿಗ್ಗೆಯೇ ಮೊಮ್ಮಗಳ ಕರೆ ಬಂದಿತು: “ತಾತ, ಇವನು ನೀರೇ ಮುಟ್ಟುತ್ತಿಲ್ಲ.” ಹೊಸ ರುಚಿಯ ನೀರಿಗೆ ಮೊಲ ಅನುಮಾನಪಡಬಹುದೆಂದು ನಾನು ಕೇಳಿದ್ದೆ, ಮಗಳ ಮನೆಯದು ಕೊಳವೆಬಾವಿಯ ಗಡಸು ನೀರು. ಬೆವರಲಾರದ, ಕಿವಿಗಳಿಂದಲೇ ಮೈಯ ಕಾವನ್ನು ಕಳೆಯಬೇಕಾದ ಜೀವ, ಹೊರಗೆ ಆ ಬಿಸಿಲು. ನಮ್ಮ ನಲ್ಲಿಯ ನೀರನ್ನು ಐದು ಲೀಟರಿನ ಕ್ಯಾನಿಗೆ ತುಂಬಿಕೊಂಡು ಬಸ್ಸು ಹತ್ತಿದೆನು. ಸುತ್ತೂರಿನ ಕಡೆ ಹೊಳೆ ಕಣ್ಣಿಗೆ ಬಿದ್ದಾಗ ನನಗೆ ನನ್ನ ಸ್ಥಿತಿ ಅರಿವಾಯಿತು. ನಲ್ಲಿಯ ನೀರು ಕಪಿಲೆಯದು. ಕಪಿಲೆಯು ನಂಜನಗೂಡಿನಿಂದ ನರಸೀಪುರಕ್ಕೆ ಯಾರ ನೆರವೂ ಇಲ್ಲದೆ, ಟಿಕೇಟನ್ನೂ ಕೊಳ್ಳದೆ, ತಾನೇ ಹರಿದುಹೋಗಿ ಕಾವೇರಿಯನ್ನು ಕೂಡುವುದು. ಅದೇ ನದಿಯ ಐದು ಲೀಟರನ್ನು ನಾನು ತೊಡೆಯ ಮೇಲಿಟ್ಟುಕೊಂಡು, ಅದರ ಪಕ್ಕದಲ್ಲಿಯೇ, ಅದರ ದಿಕ್ಕಿನಲ್ಲಿಯೇ, ಅದು ಹೋಗುವ ಊರಿಗೇ ಸಾಗಿಸುತ್ತಿದ್ದೆನು. ಭರ್ತೃಹರಿಯು ಮರಳಿನಿಂದ ಎಣ್ಣೆ, ಬಿಸಿಲ್ಗುದುರೆಯಿಂದ ನೀರು, ಮೊಲಕ್ಕೆ ಕೊಂಬು ಎಂದು ಅಸಾಧ್ಯಗಳನ್ನು ಒಂದೇ ಶ್ಲೋಕದಲ್ಲಿ ಪೋಣಿಸಿ, ಇವಾದರೂ ಆಗಬಹುದು, ಮೂರ್ಖನ ಮನಸ್ಸನ್ನು ತಿರುಗಿಸಲಾಗದೆಂದಿದ್ದಾನೆ. ನರಸೀಪುರದ ಅಗಸ್ತ್ಯೇಶ್ವರನ ಲಿಂಗವು ಅಗಸ್ತ್ಯರು ಮರಳಿನಿಂದ ಮಾಡಿದ್ದೆಂದೂ, ಅದರ ನೆತ್ತಿಯಲ್ಲಿ ಒಸರುವ ನೀರೇ ತೀರ್ಥವೆಂದೂ ಸ್ಥಳಪುರಾಣ. ಮರಳು ನೀರು ಕೊಡುವ ಊರಿನಲ್ಲಿ ಮೊಲದ ಕೊಂಬಿನ ಮಾತನ್ನು ಥಟ್ಟನೆ ತಳ್ಳಿಹಾಕಬಾರದು. ಮೂರ್ಖನ ವಿಷಯವನ್ನು ಬಸ್ಸಿನಲ್ಲಿ ಕುಳಿತು ನಾನು ವಿವರಿಸಬೇಕಾಗಿಲ್ಲ.

ಪಕ್ಕದ ಸೀಟಿನ ಅಜ್ಜಿ ಕ್ಯಾನನ್ನೇ ನೋಡುತ್ತಿದ್ದಳು. “ತೀರ್ತವಾ ಸಾಮಿ? ನಂಜುಂಡಪ್ಪನ್ದಾ?” ಎಂದಳು.

“ನಂಜನಗೂಡಿನ ನೀರಮ್ಮ,” ಎಂದೆ. ಅದು ಸತ್ಯವೇ.

ಅಜ್ಜಿ ಬಲಗೈಯನ್ನು ಗೋಕರ್ಣ ಮಾಡಿ ಚಾಚಿದಳು. ಮೊಲದ ನೀರೆಂದು ಆ ಕೈಗೆ ಹೇಳುವುದು ಹೇಗೆ? ಒಂದು ಮುಚ್ಚಳ ಹೊಯ್ದೆನು. ಕಣ್ಣಿಗೊತ್ತಿಕೊಂಡು, ಕುಡಿದು, ಉಳಿದ ತೇವವನ್ನು ತಲೆಗೆ ಸವರಿಕೊಂಡಳು. ಹಿಂದಿನ ಸೀಟಿನಿಂದ ಎರಡು ಕೈಗಳು ಬಂದುವು, ಆಮೇಲೆ ಕೂಸನ್ನೆತ್ತಿಕೊಂಡ ತಾಯಿಯೊಬ್ಬಳದು, ಕೊನೆಗೆ ಟಿಕೇಟಿನ ಯಂತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡ ಕಂಡಕ್ಟರನದು. ನಾನು ಎದ್ದುನಿಂತು, ಕಂಬಿಗೆ ಆತುಕೊಂಡು, ಹೊಯ್ದೆನು.

ಮನೆ ಮುಟ್ಟುವ ವೇಳೆಗೆ ಶಾನುಭೋಗರು ತೊಳೆದು ನೀರು ತೊಟ್ಟಿಕ್ಕುವ ಗರಿಕೆಯನ್ನು ಒಂದು ಕಟ್ಟು ತಿಂದು, ಕೊಳವೆಬಾವಿಯ ನೀರನ್ನೂ ಮರಿಗೆಯ ಅರ್ಧಕ್ಕೆ ಇಳಿಸಿ, ಮೇಜಿನ ಕೆಳಗೆ ಕಾಲು ಚಾಚಿ ಮಲಗಿದ್ದರು. ಕ್ಯಾನಿನಲ್ಲಿ ಉಳಿದದ್ದನ್ನು ಗಿಡಕ್ಕೆ ಹಾಕಲೇ ಎಂದು ಮಗಳು ಕೇಳಿದಳು. ಅಷ್ಟು ಮಂದಿ ತಲೆಗೆ ಸವರಿಕೊಂಡ ನೀರನ್ನು ಹಾಗೆ ಚೆಲ್ಲಲು ಮನಸ್ಸು ಬಾರದೆ ದೇವರ ಮನೆಯಲ್ಲಿರಿಸೆಂದು ಹೇಳಿ, ಪುಸ್ತಕವನ್ನು ತೆಗೆದು, ಜಮೆಯ ಕಡೆ ಐದು ಲೀಟರ್ ಎಂದೂ, ಖರ್ಚಿನ ಕಡೆ ಶಾನುಭೋಗರ ಬಾಬ್ತು ಸೊನ್ನೆ, ಬಸ್ಸಿನ ಬಾಬ್ತು ಸುಮಾರು ಅರ್ಧ ಲೀಟರ್ ಎಂದೂ ಬರೆದೆನು. ಅಳಿಯಂದಿರು ಕನ್ನಡಕವನ್ನು ಮೇಲಕ್ಕೆತ್ತಿ ಅದನ್ನು ಓದಿ, “ಸುಮಾರು ಅಂದರೆ ಎಷ್ಟು, ಮಾವ?” ಎಂದರು.